ಗಾಯ ಮಾಗಿದೆ, ಉರಿ ಯಾಕೆ ಹೋಗಿಲ್ಲ? ನರನೋವಿನ ಮಾತ್ರೆ ಮೈಯೊಳಗೆ ಸಾಗುವ ದಾರಿ

ಪ್ರಶ್ನೆ: ನಮ್ಮ ತಂದೆಗೆ 69 ವರ್ಷ. ಐದು ತಿಂಗಳ ಹಿಂದೆ ಎದೆಯ ಎಡಗಡೆ ಸರ್ಪಸುತ್ತು ಆಗಿತ್ತು. ಗುಳ್ಳೆ ಒಣಗಿ ಚರ್ಮ ಮಾಗಿದೆ, ಕಲೆ ಮಾತ್ರ ಉಳಿದಿದೆ. ಆದರೆ ಉರಿ ಹೋಗಿಲ್ಲ. ಅಂಗಿ ತಾಗಿದರೂ ಬೆಂಕಿ ಸವರಿದ ಹಾಗಾಗುತ್ತದೆ ಅನ್ನುತ್ತಾರೆ. ಮಾಮೂಲಿ ಪೇನ್ ಕಿಲ್ಲರ್ ಕೆಲಸ ಮಾಡಲಿಲ್ಲ. ಹತ್ತು ದಿನದಿಂದ ಡಾಕ್ಟರು ಗ್ಯಾಬಪೆಂಟಿನ್ 300 ಮಿಲಿಗ್ರಾಂ, ದಿನಕ್ಕೆ ಮೂರು ಹೊತ್ತು ಕೊಟ್ಟಿದ್ದಾರೆ. ಅದು ಫಿಟ್ಸ್ ಮಾತ್ರೆ ಎಂದು ಯಾರೋ ಹೇಳಿದ ಮೇಲೆ ಅಪ್ಪ ಹೆದರಿದ್ದಾರೆ. ಹಗಲು ತೂಕಡಿಕೆ ಬರುತ್ತದೆ, ಮೂರನ್ನೂ ರಾತ್ರಿ ಒಟ್ಟಿಗೆ ನುಂಗಿಬಿಡುತ್ತೇನೆ ಅನ್ನುತ್ತಿದ್ದಾರೆ. ಮಾತ್ರೆಯ ಹಿಂದೆಯೇ ಗ್ಯಾಸಿನ ಸಿರಪ್ ಕುಡಿಯುವ ಅಭ್ಯಾಸವೂ ಇದೆ. ಮನೆಯಲ್ಲಿ ಕೆಲವರು ಇದೆಲ್ಲ ಮನಸ್ಸಿನ ಭ್ರಮೆ ಅನ್ನುತ್ತಾರೆ. ಏನು ಮಾಡಬೇಕು? (ಹಾಸನ ಜಿಲ್ಲೆಯ ಓದುಗರೊಬ್ಬರು)

ಉತ್ತರ:

ಮೊದಲ ಮಾತು ನಿಮ್ಮ ಮನೆಯವರಿಗೆ. ಇದು ಭ್ರಮೆ ಅಲ್ಲ. ನಿಮ್ಮ ತಂದೆಯವರ ಚರ್ಮ ವಾಸಿಯಾಗಿದೆ, ನರ ವಾಸಿಯಾಗಿಲ್ಲ. ಕಣ್ಣಿಗೆ ಕಾಣುವುದು ಚರ್ಮ ಮಾತ್ರ. ಅದಕ್ಕೇ ನೋಡಿದವರಿಗೆ ನಂಬಿಕೆ ಬರುವುದಿಲ್ಲ. ನೋವಿನ ಜೊತೆಗೆ ಯಾರೂ ನಂಬುತ್ತಿಲ್ಲ ಎಂಬ ಇನ್ನೊಂದು ನೋವನ್ನು ದಯವಿಟ್ಟು ಅವರಿಗೆ ಕೊಡಬೇಡಿ.

ಸರ್ಪಸುತ್ತು ಚರ್ಮದ ಕಾಯಿಲೆಯ ಹಾಗೆ ಕಾಣುತ್ತದೆ, ಆದರೆ ಅದು ಶುರುವಾಗುವುದು ನರದಲ್ಲಿ. ಚಿಕ್ಕಂದಿನಲ್ಲಿ ಯಾವಾಗಲೋ ಬಂದು ಹೋದ ಚಿಕನ್ ಪಾಕ್ಸಿನ ವೈರಸ್ ಮೈ ಬಿಟ್ಟು ಹೋಗುವುದಿಲ್ಲ. ಬೆನ್ನುಮೂಳೆಯ ಎರಡೂ ಪಕ್ಕಕ್ಕೆ ನರಕೋಶಗಳ ಪುಟ್ಟ ಗಂಟುಗಳು ಸಾಲಾಗಿ ಇರುತ್ತವೆ. ಅಲ್ಲಿ ಹೋಗಿ ಮಲಗುತ್ತದೆ. ಐವತ್ತು ಅರವತ್ತು ವರ್ಷ ಸುಮ್ಮನಿರುತ್ತದೆ. ವಯಸ್ಸಾಗಿ ಮೈಯ ಕಾವಲು ಸಡಿಲವಾದಾಗ ಎದ್ದು, ಆ ಗಂಟಿನಿಂದ ಹೊರಟ ನರದ ಜಾಡು ಹಿಡಿದು ಚರ್ಮಕ್ಕೆ ಬರುತ್ತದೆ. ಬರುವ ದಾರಿಯಲ್ಲಿ ನರವನ್ನೇ ಹಾಳು ಮಾಡುತ್ತದೆ. ಗುಳ್ಳೆ ಒಂದೇ ಬದಿಯಲ್ಲಿ, ಬೆನ್ನಿನಿಂದ ಎದೆಯ ನಡುವಿನ ತನಕ ಪಟ್ಟಿಯ ಹಾಗೆ ಏಳುವುದು ಇದೇ ಕಾರಣಕ್ಕೆ. ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಎಂಬ ಭಯ ನಮ್ಮ ಊರುಗಳಲ್ಲಿ ಇನ್ನೂ ಇದೆ. ಎಡಗಡೆಯ ನರ ಎಡಗಡೆಗೆ ಮಾತ್ರ ಹೋಗುತ್ತದೆ, ಎದೆಯ ನಡುಗೆರೆಗೆ ಬಂದು ನಿಲ್ಲುತ್ತದೆ. ಆದ್ದರಿಂದ ಆ ಭಯ ಬೇಡ. ಭಯ ಪಡಬೇಕಾದ್ದು ತಡ ಮಾಡುವುದಕ್ಕೆ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರು ಮಾಡಬೇಕು. ಎಷ್ಟೋ ಮನೆಗಳಲ್ಲಿ ಆ ಮೂರು ದಿನ ಕೆಮ್ಮಣ್ಣು ಹಚ್ಚುವುದರಲ್ಲೇ ಕಳೆದುಹೋಗುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಗುಳ್ಳೆ ಮಾಗಿ ಮೂರು ತಿಂಗಳು ದಾಟಿದ ಮೇಲೂ ನೋವು ಉಳಿದರೆ ಅದನ್ನು ಸರ್ಪಸುತ್ತಿನ ನಂತರದ ನರನೋವು ಎನ್ನುತ್ತಾರೆ. ನಿಮ್ಮ ತಂದೆಯವರದ್ದು ಅದೇ ಇರಬೇಕು.

ಈಗ ಅಂಗಿಯ ವಿಷಯ. ಮೆತ್ತನೆಯ ಬಟ್ಟೆ ತಾಗಿದರೆ ಯಾಕೆ ಉರಿಯಬೇಕು? ನಮ್ಮ ಚರ್ಮದಿಂದ ಬೆನ್ನುಹುರಿಗೆ ಬೇರೆ ಬೇರೆ ತಂತಿಗಳು ಹೋಗುತ್ತವೆ. ಸ್ಪರ್ಶದ ಸುದ್ದಿ ಒಯ್ಯುವ ದಪ್ಪ ತಂತಿಗಳಲ್ಲಿ ಸುದ್ದಿ ಸೆಕೆಂಡಿಗೆ ಹತ್ತಾರು ಮೀಟರ್ ಓಡುತ್ತದೆ. ಉರಿನೋವಿನ ಸುದ್ದಿ ಒಯ್ಯುವ ತೆಳು ತಂತಿಗಳಲ್ಲಿ ಸೆಕೆಂಡಿಗೆ ಒಂದೆರಡು ಮೀಟರ್ ಅಷ್ಟೇ. ಕಲ್ಲಿಗೆ ಎಡವಿದಾಗ ಮೊದಲು ತಾಗಿದ್ದು ಗೊತ್ತಾಗಿ, ಒಂದು ಕ್ಷಣ ಬಿಟ್ಟು ಉರಿ ಬರುತ್ತದಲ್ಲ, ಅದು ಈ ಅಂತರ. ಮಾಮೂಲಾಗಿ ಎರಡೂ ತಂತಿಗಳ ಸುದ್ದಿ ಬೆನ್ನುಹುರಿಯಲ್ಲಿ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ನರಕ್ಕೆ ಪೆಟ್ಟು ಬಿದ್ದಾಗ ತೆಳು ತಂತಿಗಳು ಯಾರೂ ಮುಟ್ಟದಿದ್ದರೂ ತಾವಾಗಿಯೇ ಸುದ್ದಿ ಕಳಿಸಲು ಶುರು ಮಾಡುತ್ತವೆ. ಹಗಲೂ ರಾತ್ರಿ ಸುದ್ದಿ ಬಂದು ಬಂದು ಬೆನ್ನುಹುರಿಯ ಕೋಶಗಳು ಕೆರಳಿ ಕೂರುತ್ತವೆ. ಆಮೇಲೆ ದಪ್ಪ ತಂತಿಯಲ್ಲಿ ಬಂದ ಬರೀ ಸ್ಪರ್ಶವನ್ನೂ ಅವು ನೋವು ಎಂದೇ ಓದಿಕೊಳ್ಳುತ್ತವೆ. ಬೆನ್ನುಹುರಿ ಹೀಗೆ ಕೆರಳುತ್ತದೆ ಎಂದು ನೋವಿನ ಸಂಶೋಧಕ ಕ್ಲಿಫರ್ಡ್ ವೂಲ್ಫ್ 1983ರಲ್ಲಿ ಇಲಿಗಳಲ್ಲಿ ತೋರಿಸಿದರು.

ಪೇನ್ ಕಿಲ್ಲರ್ ಯಾಕೆ ನಾಟಲಿಲ್ಲ ಎಂಬುದಕ್ಕೂ ಇಲ್ಲೇ ಉತ್ತರ ಇದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಖ್ಯವಾಗಿ ಕೆಲಸ ಮಾಡುವುದು ಊತ ಇರುವ ಕಡೆ. ಉಳುಕಿದ ಕಾಲಿಗೆ, ಹಲ್ಲುನೋವಿಗೆ ಅವು ಸರಿ. ನಿಮ್ಮ ತಂದೆಗೆ ಈಗ ಊತ ಇಲ್ಲ, ತಂತಿ ಕೆಟ್ಟಿದೆ. ಅವನ್ನೇ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣು, ಕಿಡ್ನಿಗೆ ಪೆಟ್ಟು. ಲಾಭ ಮಾತ್ರ ಕಾಣುವುದಿಲ್ಲ.

ನಾನು ರೋಗಿಗಳನ್ನು ನೋಡುವ ಡಾಕ್ಟರ್ ಅಲ್ಲ, ಔಷಧಶಾಸ್ತ್ರದವನು. ನರಕ್ಕೆ ಪೆಟ್ಟು ಬಿದ್ದ ಇಲಿಗಳ ಜೊತೆ ಲ್ಯಾಬಿನಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಕಂಡ ಒಂದು ದೃಶ್ಯ ಹೇಳುತ್ತೇನೆ. ತಂತಿಬಲೆಯ ನೆಲವಿರುವ ಪುಟ್ಟ ಡಬ್ಬಿಯಲ್ಲಿ ಇಲಿ ಕೂತಿರುತ್ತದೆ. ಅರ್ಧ ಗಂಟೆ ಬಿಡಬೇಕು, ಮೂಸಿ, ಸುತ್ತಿ, ಸುಮ್ಮನಾಗಲಿ ಅಂತ. ಆಮೇಲೆ ಕೆಳಗಿನಿಂದ ಒಂದು ನೈಲಾನ್ ಎಳೆಯನ್ನು ಅದರ ಅಂಗಾಲಿಗೆ ತಾಗಿಸಿ, ಎಳೆ ಬಾಗುವ ತನಕ ಒತ್ತುತ್ತೇವೆ. ಒಂದೊಂದು ದಪ್ಪದ ಎಳೆ ಒಂದೊಂದು ತೂಕಕ್ಕೆ ಬಾಗುತ್ತದೆ. ಆರೋಗ್ಯವಾಗಿರುವ ಇಲಿ ಸಾಮಾನ್ಯವಾಗಿ 15 ಗ್ರಾಂ ಒತ್ತಡದ ತನಕ ಕಾಲು ಎತ್ತುವುದಿಲ್ಲ. ನರಕ್ಕೆ ಪೆಟ್ಟಾದ ಇಲಿ ಒಂದೆರಡು ಗ್ರಾಮಿಗೇ ಕಾಲನ್ನು ಸರಕ್ಕನೆ ಎಳೆದುಕೊಳ್ಳುತ್ತದೆ. ಎಳೆದು ಸುಮ್ಮನಾಗುವುದಿಲ್ಲ. ಆ ಕಾಲನ್ನು ಗಾಳಿಯಲ್ಲೇ ಹಿಡಿದು ನೆಕ್ಕುತ್ತದೆ, ಕೆಳಗಿಡಲು ಹಿಂಜರಿಯುತ್ತದೆ. ಇಲಿಗೆ ಭ್ರಮೆ ಎಲ್ಲಿಂದ ಬರಬೇಕು ಹೇಳಿ? ನಿಮ್ಮ ತಂದೆ ಅಂಗಿಯನ್ನು ಎದೆಯಿಂದ ದೂರ ಹಿಡಿದುಕೊಂಡು ಓಡಾಡುತ್ತಿದ್ದರೆ ಅದೂ ಇದೇ.

ಈ ಇಲಿಗಳ ಮಾದರಿಗಳೇನೂ ಬಹಳ ಹಳೆಯವಲ್ಲ. 1988ರಲ್ಲಿ ಗ್ಯಾರಿ ಬೆನೆಟ್ ಮತ್ತು ಷೀ ಎಂಬಿಬ್ಬರು ಇಲಿಯ ತೊಡೆಯ ದೊಡ್ಡ ನರದ ಸುತ್ತ ನಾಲ್ಕು ಸಡಿಲ ಗಂಟು ಹಾಕಿ, ನರನೋವನ್ನು ಲ್ಯಾಬಿನಲ್ಲಿ ಅಳೆಯುವ ದಾರಿ ಮಾಡಿದರು. 1992ರಲ್ಲಿ ಕಿಮ್ ಮತ್ತು ಚಂಗ್ ಬೆನ್ನುಮೂಳೆಯ ಹತ್ತಿರವೇ ಎರಡು ನರಗಳನ್ನು ಬಿಗಿಯಾಗಿ ಕಟ್ಟುವ ಇನ್ನೊಂದು ವಿಧಾನ ತಂದರು. ಈಗ ನಿಮ್ಮ ತಂದೆ ನುಂಗುತ್ತಿರುವ ಮಾತ್ರೆ ನರನೋವಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದರ ಬಹುಪಾಲು ತಿಳಿವಳಿಕೆ ಇಂಥ ಇಲಿಗಳಿಂದ ಬಂದದ್ದು.

ಈಗ ಆ ಮಾತ್ರೆ. ಗ್ಯಾಬಪೆಂಟಿನ್ ಫಿಟ್ಸ್ ಮಾತ್ರೆ ಹೌದು. ಅಮೆರಿಕದಲ್ಲಿ ಅದಕ್ಕೆ ಮೊದಲ ಒಪ್ಪಿಗೆ ಸಿಕ್ಕಿದ್ದು 1993ರ ಕೊನೆಗೆ, ಫಿಟ್ಸಿಗೇ. ಸರ್ಪಸುತ್ತಿನ ನಂತರದ ನೋವಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ನಿಮ್ಮ ತಂದೆಗೆ ಫಿಟ್ಸ್ ಇದೆ ಎಂದು ಡಾಕ್ಟರು ಅದನ್ನು ಬರೆದಿಲ್ಲ. ಫಿಟ್ಸ್ ಅಂದರೆ ಮೆದುಳಿನ ಕೋಶಗಳು ಹದ ತಪ್ಪಿ ಸುದ್ದಿ ಹೊಡೆಯುವುದು. ನರನೋವು ಅಂದರೆ ಬೆನ್ನುಹುರಿಯ ಹತ್ತಿರ ಅದೇ ಥರದ ಹದ ತಪ್ಪುವಿಕೆ. ಒಂದೇ ಮಾತ್ರೆ ಎರಡಕ್ಕೂ ಬರುವುದರಲ್ಲಿ ಆಶ್ಚರ್ಯವಿಲ್ಲ.

ಆಶ್ಚರ್ಯ ಇರುವುದು ಆ ಮಾತ್ರೆ ಹುಟ್ಟಿದ ಕಥೆಯಲ್ಲಿ. ನಮ್ಮ ಮೆದುಳಿನಲ್ಲಿ ಗಾಬಾ ಎಂಬ ಒಂದು ವಸ್ತು ಇದೆ. ಕೆರಳಿದ ಕೋಶಗಳನ್ನು ಸಮಾಧಾನ ಮಾಡುವುದು ಅದರ ಕೆಲಸ. ಅದನ್ನೇ ಮಾತ್ರೆ ಮಾಡಿ ನುಂಗಿದರೆ ಆಯಿತಲ್ಲ ಅನ್ನಿಸುತ್ತದೆ. ಆದರೆ ಅದು ರಕ್ತದಿಂದ ಮೆದುಳಿಗೆ ಸರಿಯಾಗಿ ದಾಟುವುದಿಲ್ಲ. ಮೆದುಳು, ಬೆನ್ನುಹುರಿಯ ರಕ್ತನಾಳಗಳ ಗೋಡೆಯಲ್ಲಿ ಕೋಶಗಳು ಸಂದಿಲ್ಲದ ಹಾಗೆ ಒಂದಕ್ಕೊಂದು ಹೊಲಿದುಕೊಂಡಿರುತ್ತವೆ. ಇದರ ಮೊದಲ ಸುಳಿವು 1885ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಅವರಿಗೆ ಸಿಕ್ಕಿತ್ತು. ಪ್ರಾಣಿಯ ರಕ್ತಕ್ಕೆ ಬಣ್ಣ ಹಾಕಿದರೆ ಮೈಯೆಲ್ಲ ಬಣ್ಣ ಹಿಡಿಯಿತು, ಮೆದುಳು ಮಾತ್ರ ಹಿಡಿಯಲಿಲ್ಲ. 1970ರ ದಶಕದಲ್ಲಿ ಜರ್ಮನಿಯ ಫ್ರೈಬುರ್ಗ್‌ನ ರಸಾಯನಶಾಸ್ತ್ರಜ್ಞರು ಗಾಬಾಕ್ಕೆ ಜಿಡ್ಡಿನ ಗುಣದ ಒಂದು ಉಂಗುರ ಅಂಟಿಸಿದರು. ಜಿಡ್ಡಿದ್ದರೆ ಗೋಡೆ ದಾಟೀತು ಎಂಬ ಆಸೆ. ಹೀಗೆ ಗ್ಯಾಬಪೆಂಟಿನ್ ಹುಟ್ಟಿತು.

ಅದು ಮೆದುಳಿಗೆ ದಾಟಿತು, ಫಿಟ್ಸೂ ಕಡಿಮೆ ಮಾಡಿತು. ಆದರೆ ಅಂದುಕೊಂಡ ಎರಡೂ ಕಾರಣ ತಪ್ಪಾಗಿದ್ದವು. ಗಾಬಾ ಕೂರುವ ಜಾಗದಲ್ಲಿ ಅದು ಕೂರಲೇ ಇಲ್ಲ. ಜಿಡ್ಡಿನ ಬಲದಿಂದ ಗೋಡೆ ದಾಟಿದ್ದೂ ಅಲ್ಲ. ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆಯ ಪ್ರೋಟೀನು ಒಡೆದು ಅಮೈನೋ ಆಮ್ಲಗಳಾಗುತ್ತವೆ. ಅವು ಮೆದುಳಿಗೂ ಬೇಕು. ಅವನ್ನು ಕೈ ಹಿಡಿದು ದಾಟಿಸಲು ಗೋಡೆಯಲ್ಲಿ ವಾಹಕ ಪ್ರೋಟೀನುಗಳಿವೆ. ಗ್ಯಾಬಪೆಂಟಿನ್ ನೋಡಲು ಲ್ಯೂಸಿನ್ ಎಂಬ ಅಮೈನೋ ಆಮ್ಲದ ಹಾಗಿದೆ. ವಾಹಕ ಇದನ್ನೂ ತಮ್ಮವನೇ ಎಂದು ದಾಟಿಸಿಬಿಡುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ ಕೂಡ ಇದೇ ದೋಣಿ ಹತ್ತಿ ದಾಟುತ್ತದೆ.

ಇದಕ್ಕೆ ತಿರುಗುಮುರುಗಾದ ವಾಹಕಗಳೂ ಇವೆ, ಒಳಗೆ ಬಂದದ್ದನ್ನು ಹಿಡಿದು ಹೊರಗೆ ಎಸೆಯುವಂಥವು. ಭೇದಿ ನಿಲ್ಲಲು ತೆಗೆದುಕೊಳ್ಳುವ ಲೋಪೆರಮೈಡ್ ಅಫೀಮಿನ ಗುಂಪಿಗೆ ಸೇರಿದ ಔಷಧಿ. ಸರಿಯಾದ ಡೋಸಿನಲ್ಲಿ ಅದು ಕರುಳಿನಲ್ಲಿ ಕೆಲಸ ಮಾಡುತ್ತದೆ, ತಲೆಗೆ ಏರುವುದಿಲ್ಲ. ಮೆದುಳಿನ ಗೋಡೆಯಲ್ಲಿರುವ ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪು ಅದನ್ನು ಹೊರಗೇ ಇಡುತ್ತದೆ. 1994ರಲ್ಲಿ ಆಮ್ಸ್ಟರ್‌ಡ್ಯಾಮ್‌ನ ಒಂದು ಲ್ಯಾಬಿನಲ್ಲಿ ಈ ಪಂಪಿನ ಜೀನ್ ತೆಗೆದ ಪುಟ್ಟ ಜಾತಿಯ ಇಲಿಗಳನ್ನು ಸಾಕಿದ್ದರು. ಹುಳ ಸಾಯಲಿ ಎಂದು ಐವರ್‌ಮೆಕ್ಟಿನ್ ಹೊಡೆದಾಗ ಮಾಮೂಲಿ ಇಲಿಗಳಿಗೆ ಏನೂ ಆಗಲಿಲ್ಲ, ಪಂಪಿಲ್ಲದ ಇಲಿಗಳು ಸತ್ತವು. ಒಂದು ಔಷಧಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಆ ಔಷಧಿಯೊಂದರ ಮೇಲೆ ನಿಂತಿಲ್ಲ. ದಾರಿಯಲ್ಲಿರುವ ಬಾಗಿಲುಗಳೂ ಅದನ್ನು ತೀರ್ಮಾನಿಸುತ್ತವೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇದೇ.

ಈಗ ನಿಮ್ಮ ತಂದೆಯವರ ಆಲೋಚನೆಗೆ ಬರೋಣ. ಮೂರನ್ನೂ ರಾತ್ರಿ ಒಟ್ಟಿಗೆ ನುಂಗಿದರೆ ಏನಾಗುತ್ತದೆ?

ಮೆದುಳಿನ ಗೋಡೆಗೆ ಮೊದಲು ಮಾತ್ರೆ ಕರುಳಿನ ಗೋಡೆ ದಾಟಬೇಕು. ಅಲ್ಲೂ ಇಂಥದೇ ವಾಹಕಗಳು. ಹೊಳೆ ದಾಟಿಸುವ ಕಡವನ್ನು ನೆನಪಿಸಿಕೊಳ್ಳಿ. ಒಬ್ಬ ಅಂಬಿಗ, ಒಂದು ದೋಣಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹತ್ತು ಹತ್ತು ಜನ ಬಂದರೆ ಬಹುಪಾಲು ಜನ ದಾಟುತ್ತಾರೆ. ಮೂವತ್ತು ಜನ ಒಂದೇ ಸಲ ಬಂದರೆ ದೋಣಿ ದೊಡ್ಡದಾಗುವುದಿಲ್ಲ. ಹೊಳೆಯ ದಡದಲ್ಲಾದರೆ ಉಳಿದವರು ಕಾಯಬಹುದು. ಕರುಳಿನಲ್ಲಿ ಕಾಯಲು ಬಿಡುವುದಿಲ್ಲ. ಈ ದೋಣಿಗಳು ಹೆಚ್ಚಾಗಿ ಇರುವುದು ಸಣ್ಣ ಕರುಳಿನ ಮೇಲ್ಭಾಗದಲ್ಲಿ. ಅಲ್ಲಿ ದಾಟದೆ ಉಳಿದದ್ದು ಊಟದ ಜೊತೆ ಕೆಳಗೆ ಜಾರಿ, ಮಲದಲ್ಲಿ ಹೊರಗೆ ಹೋಗುತ್ತದೆ.

ಲೆಕ್ಕ ನೋಡಿ. ದಿನಕ್ಕೆ 900 ಮಿಲಿಗ್ರಾಂ ಅನ್ನು ಮೂರು ಭಾಗ ಮಾಡಿ ಕೊಟ್ಟಾಗ ಸುಮಾರು 60 ಶೇಕಡಾ ರಕ್ತಕ್ಕೆ ಸೇರುತ್ತದೆ. 1200 ಕೊಟ್ಟರೆ 47 ಶೇಕಡಾ. 2400 ಕೊಟ್ಟರೆ 34. 3600 ಕೊಟ್ಟರೆ 33. ಅಂದರೆ 900ರಲ್ಲಿ ಒಳಗೆ ಹೋಗುವುದು ಸುಮಾರು 540 ಮಿಲಿಗ್ರಾಂ. ನಾಲ್ಕು ಪಟ್ಟು, ಅಂದರೆ 3600 ನುಂಗಿದರೆ ಒಳಗೆ ಹೋಗುವುದು 1200ರ ಹತ್ತಿರ. ನಾಲ್ಕು ಪಟ್ಟು ನುಂಗಿ ಎರಡು ಪಟ್ಟಿಗಿಂತ ತುಸು ಜಾಸ್ತಿ, ಅಷ್ಟೇ. ದಿನಕ್ಕೆ 2400 ಅಂದರೆ ಹೊತ್ತಿಗೆ 800, ಅಲ್ಲೇ 34 ಶೇಕಡಾಕ್ಕೆ ಇಳಿದಿತ್ತು. ಹಾಗಾಗಿ ನಿಮ್ಮ ತಂದೆ 900 ಅನ್ನು ಒಂದೇ ಗುಕ್ಕಿಗೆ ನುಂಗಿದರೆ ಮೂರನೇ ಒಂದು ಪಾಲು, ಸುಮಾರು 300 ಮಿಲಿಗ್ರಾಂ ಒಳಗೆ ಹೋಗಬಹುದು. ದುಡ್ಡು ಅಷ್ಟೇ, ಮಾತ್ರೆ ಅಷ್ಟೇ, ಆದರೆ ಔಷಧಿ ಹೆಚ್ಚುಕಡಿಮೆ ಅರ್ಧ.

ಇನ್ನೊಂದು ತೊಂದರೆಯೂ ಇದೆ. ಈ ಔಷಧಿಯ ಅರ್ಧ ಭಾಗ ಐದರಿಂದ ಏಳು ಗಂಟೆಯಲ್ಲಿ ರಕ್ತದಿಂದ ಖಾಲಿಯಾಗುತ್ತದೆ. ರಾತ್ರಿ ಒಂಬತ್ತಕ್ಕೆ ನುಂಗಿದ್ದು ಮಾರನೇ ಮಧ್ಯಾಹ್ನದ ಹೊತ್ತಿಗೆ ಬಹಳ ಇಳಿದಿರುತ್ತದೆ. ಸ್ನಾನ ಮಾಡಿ ಅಂಗಿ ತೊಡುವ ಹೊತ್ತಿಗೇ ಕಾವಲು ಸಡಿಲವಾಗಿರುತ್ತದೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಮಾತ್ರ ಅಮಲು ಏರಿರುತ್ತದೆ. 69ರ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಈ ನೋವೇ ವಾಸಿ ಅನ್ನಿಸಿಬಿಡುತ್ತದೆ.

ಆದ್ದರಿಂದ ಮೂರು ಹೊತ್ತು ಅಂದರೆ ಮೂರು ಹೊತ್ತು. ತೂಕಡಿಕೆ ಬಗ್ಗೆ ಡಾಕ್ಟರಿಗೆ ಹೇಳಿ. ಶುರುವಿನ ಒಂದೆರಡು ವಾರ ಜಾಸ್ತಿ ಇದ್ದು ಆಮೇಲೆ ಹಲವರಿಗೆ ಕಡಿಮೆಯಾಗುತ್ತದೆ. ಹಗಲಿನ ಡೋಸ್ ಚಿಕ್ಕದು ಮಾಡಿ ರಾತ್ರಿಯದು ಸ್ವಲ್ಪ ದೊಡ್ಡದು ಮಾಡುವುದೂ ಉಂಟು. ಅದನ್ನು ಅವರೇ ಮಾಡಲಿ. ಇಲ್ಲವೇ ಪ್ರಿಗ್ಯಾಬಲಿನ್‌ಗೆ ಬದಲಾಯಿಸಬಹುದು. ಅದು ಇದರದೇ ತಮ್ಮ ಇದ್ದ ಹಾಗೆ. ರಿಚರ್ಡ್ ಸಿಲ್ವರ್‌ಮನ್ ಎಂಬ ರಸಾಯನಶಾಸ್ತ್ರಜ್ಞರ ಲ್ಯಾಬಿನಲ್ಲಿ, ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಅದಕ್ಕೆ ದೋಣಿಯ ಇಕ್ಕಟ್ಟು ಇಲ್ಲ. ಡೋಸ್ ಎಷ್ಟೇ ಇರಲಿ, 90 ಶೇಕಡಾಕ್ಕಿಂತ ಹೆಚ್ಚು ಒಳಗೆ ಹೋಗುತ್ತದೆ. ದಿನಕ್ಕೆ ಎರಡು ಹೊತ್ತು ಸಾಕಾಗುತ್ತದೆ. ಆದರೆ ತೂಕಡಿಕೆ, ಕಾಲು ಊತ, ತೂಕ ಏರುವುದು ಅದರಲ್ಲೂ ಇವೆ.

ಗ್ಯಾಸಿನ ಸಿರಪ್ಪಿನ ವಿಷಯ ಚಿಕ್ಕದು, ಆದರೆ ಕೂಡಲೇ ಸರಿ ಮಾಡಬಹುದು. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಸಿರಪ್ ಜೊತೆಗೆ ಕುಡಿದರೆ ಒಳಗೆ ಹೋಗುವ ಗ್ಯಾಬಪೆಂಟಿನ್ ಸುಮಾರು ಐದನೇ ಒಂದು ಪಾಲು ಕಡಿಮೆಯಾಗುತ್ತದೆ. ಸಿರಪ್ ಕುಡಿದು ಎರಡು ಗಂಟೆಯಾದರೂ ಬಿಟ್ಟು ಮಾತ್ರೆ ನುಂಗಲಿ. ಊಟದ ಜೊತೆ ನುಂಗಿದರೆ ತೊಂದರೆ ಇಲ್ಲ. ಪ್ರೋಟೀನು ಜಾಸ್ತಿ ತಿಂದರೆ ದೋಣಿಯಲ್ಲಿ ಜಾಗ ಸಿಗದೇನೋ ಎಂಬ ಅನುಮಾನ ಸಂಶೋಧಕರಿಗೂ ಇತ್ತು. ಪರೀಕ್ಷೆ ಮಾಡಿದಾಗ ಹಾಗೇನೂ ಆಗಲಿಲ್ಲ. ಹಾಲು, ಮೊಟ್ಟೆ, ಬೇಳೆಸಾರು ಎಲ್ಲ ಧಾರಾಳವಾಗಿ ಕೊಡಿ.

ಇನ್ನು ನನಗೆ ಬಹಳ ಇಷ್ಟದ ಭಾಗ. ಗೋಡೆಗಳೆಲ್ಲ ದಾಟಿದ ಮೇಲೆ ಈ ಔಷಧಿ ಏನು ಮಾಡುತ್ತದೆ? ಅದೂ ಒಂದು ಸಾಗಾಟದ ಕಥೆಯೇ.

ನೋವಿನ ನರಕೋಶ ಒಂದು ವಿಚಿತ್ರ ಆಕಾರದ್ದು. ಅದರ ಹೊಟ್ಟೆ ಇರುವುದು ಬೆನ್ನುಮೂಳೆಯ ಪಕ್ಕದ ಗಂಟಿನಲ್ಲಿ. ಅಲ್ಲಿಂದ ಒಂದು ತೋಳು ಚರ್ಮಕ್ಕೆ, ಇನ್ನೊಂದು ತೋಳು ಬೆನ್ನುಹುರಿಗೆ. ಕಾಲಿನ ಹೆಬ್ಬೆರಳಿಗೆ ಹೋಗುವ ತೋಳಾದರೆ ಒಂದು ಮೀಟರಿನಷ್ಟು ಉದ್ದ. ಪ್ರೋಟೀನು ತಯಾರಾಗುವುದು ಹೆಚ್ಚಾಗಿ ಹೊಟ್ಟೆಯಲ್ಲಿ, ಬೇಕಾಗಿರುವುದು ತುದಿಯಲ್ಲಿ. ತೋಳಿನ ಉದ್ದಕ್ಕೂ ಹಳಿಗಳಿವೆ. ಆ ಹಳಿಯ ಮೇಲೆ ಕೈನೆಸಿನ್ ಎಂಬ ಪ್ರೋಟೀನು ಹೊರೆ ಹೊತ್ತು ನಡೆಯುತ್ತದೆ. ಒಂದು ಹೆಜ್ಜೆ 8 ನ್ಯಾನೋಮೀಟರ್. ಕೈನೆಸಿನ್ ಅನ್ನು 1985ರಲ್ಲಿ ಸ್ಕ್ವಿಡ್ ಎಂಬ ಸಮುದ್ರಜೀವಿಯ ದೊಡ್ಡ ನರದಲ್ಲಿ ಕಂಡುಹಿಡಿದರು. ಬೇಗ ಸಾಗುವ ಸರಕು ದಿನಕ್ಕೆ 400 ಮಿಲಿಮೀಟರ್ ತನಕ ಹೋಗುತ್ತದೆ. ಸುದ್ದಿ ಒಂದು ಸೆಕೆಂಡಿನಲ್ಲಿ ಓಡುವ ದಾರಿಯನ್ನು ಸರಕು ಸವೆಸಲು ಎರಡೂವರೆ ದಿನ ಬೇಕು.

ಸರಕಿನಲ್ಲಿ ಆಲ್ಫಾ-2-ಡೆಲ್ಟಾ-1 ಎಂಬ ಒಂದು ಪ್ರೋಟೀನು ಇದೆ. ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಗೆ ಬಿಡುವ ಬಾಗಿಲುಗಳಿವೆ. ಕ್ಯಾಲ್ಸಿಯಂ ಒಳಗೆ ಬಂದರೆ ತುದಿಯಿಂದ ನೋವಿನ ಸುದ್ದಿ ಬೆನ್ನುಹುರಿಗೆ ಸುರಿಯುತ್ತದೆ. ಆ ಬಾಗಿಲುಗಳನ್ನು ಜಾಗಕ್ಕೆ ತಂದು ಕೂರಿಸಲು ಈ ಪ್ರೋಟೀನು ಬೇಕು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನರ ಕಟ್ಟಿದ ಇಲಿಗಳ ಬೆನ್ನುಮೂಳೆಯ ಪಕ್ಕದ ನರಕೋಶಗಳ ಗಂಟಿನಲ್ಲಿ ಇದರ ಪ್ರಮಾಣ 17 ಪಟ್ಟಿಗೂ ಜಾಸ್ತಿ ಆಗಿತ್ತು. ಪೆಟ್ಟು ಬಿದ್ದ ಬದಿಯಲ್ಲಿ ಮಾತ್ರ. ಅಂದರೆ ಪೆಟ್ಟು ತಿಂದ ಕೋಶ ಗಾಬರಿಯಾಗಿ ಬಾಗಿಲು ತಯಾರಿಸುತ್ತ, ಲೋಡುಗಟ್ಟಲೆ ತುದಿಗೆ ಕಳಿಸುತ್ತ ಇರುತ್ತದೆ.

ಗ್ಯಾಬಪೆಂಟಿನ್ ಹೋಗಿ ಕೂರುವುದು ಇದೇ ಪ್ರೋಟೀನಿನ ಮೇಲೆ. ಇದು ಗೊತ್ತಾದದ್ದು 1996ರಲ್ಲಿ, ಹಂದಿಯ ಮೆದುಳಿನ ತುಣುಕುಗಳಿಂದ. ಹತ್ತು ವರ್ಷದ ಮೇಲೆ, 2006ರಲ್ಲಿ, ಈ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿದ ಪುಟ್ಟ ಜಾತಿಯ ಇಲಿಗಳಿಗೆ ಪ್ರಿಗ್ಯಾಬಲಿನ್ ಕೊಟ್ಟು ನೋಡಿದರು. ನೋವು ಇಳಿಯಲೇ ಇಲ್ಲ. ಔಷಧಿಯ ನಿಜವಾದ ಜಾಗ ಇದೇ ಎಂದು ಅಲ್ಲಿಗೆ ಗಟ್ಟಿಯಾಯಿತು. 2009ರಲ್ಲಿ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಆನೆಟ್ ಡಾಲ್ಫಿನ್ ಅವರ ತಂಡ ಮುಂದಿನ ಹೆಜ್ಜೆ ಇಟ್ಟಿತು. ನರ ಕಟ್ಟಿದ ಇಲಿಗಳಿಗೆ ದಿನವೂ ಪ್ರಿಗ್ಯಾಬಲಿನ್ ಕೊಟ್ಟರು. ಗಂಟಿನಲ್ಲಿ ಆ ಪ್ರೋಟೀನಿನ ತಯಾರಿ ಕಡಿಮೆಯಾಗಲಿಲ್ಲ. ಬೆನ್ನುಹುರಿಯಲ್ಲಿರುವ ನರದ ತುದಿಯಲ್ಲಿ ಮಾತ್ರ ಕಡಿಮೆಯಾಯಿತು. ಕಾರ್ಖಾನೆ ಓಡುತ್ತಲೇ ಇದೆ, ಲಾರಿ ಮಾತ್ರ ಹೊರಡುತ್ತಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ಎರಡು ದಿನ ನುಂಗಿ, ಏನೂ ಆಗಲಿಲ್ಲ ಎಂದು ಬಿಡುವವರು ಬಹಳ. ಲಾರಿ ನಿಲ್ಲಿಸಿದ ತಕ್ಷಣ ಅಂಗಡಿ ಖಾಲಿಯಾಗುವುದಿಲ್ಲ, ಅಲ್ವಾ? ತುದಿಯಲ್ಲಿ ಈಗಾಗಲೇ ಇಳಿಸಿದ ಬಾಗಿಲುಗಳು ಹಳತಾಗಿ ಹೋಗಬೇಕು. ಡೋಸನ್ನೂ ನಿಧಾನಕ್ಕೆ ಏರಿಸಬೇಕು. ನಿಮ್ಮ ತಂದೆ ಶುರು ಮಾಡಿ ಹತ್ತು ದಿನ ಅಷ್ಟೇ ಆಗಿದೆ. ಸರಿಯಾದ ಡೋಸಿಗೆ ಬಂದ ಮೇಲೆ ಕೆಲವು ವಾರ ನೋಡಿ, ಆಮೇಲೆ ತೀರ್ಮಾನ ಮಾಡಿ.

ಎಷ್ಟು ನೋವು ಇಳಿಯಬಹುದು? ಇಲ್ಲಿ ನಾನು ಸುಳ್ಳು ಆಸೆ ಹುಟ್ಟಿಸಲಾರೆ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿಮ್ಮ ತಂದೆಯ ಹಾಗೆಯೇ ಸರ್ಪಸುತ್ತಿನ ನಂತರ ನೋವು ಉಳಿದಿದ್ದ 229 ಜನ ಇದ್ದರು. ಎಂಟು ವಾರ ನಡೆಯಿತು. ಹತ್ತಕ್ಕೆ ಇಷ್ಟು ಎಂದು ನೋವಿಗೆ ಅಂಕ ಹಾಕಿದಾಗ, ಗ್ಯಾಬಪೆಂಟಿನ್ ನುಂಗಿದವರ ಸರಾಸರಿ 6.3ರಿಂದ 4.2ಕ್ಕೆ ಇಳಿಯಿತು. ಔಷಧಿ ಇಲ್ಲದ ಬರೀ ಮಾತ್ರೆ ನುಂಗಿದವರದು 6.5ರಿಂದ 6.0. ಅಲ್ಲಿ ಡೋಸ್ 3600ರ ತನಕ ಏರಿಸಿದ್ದರು. ನೋವು ಮಾಯವಾಗಲಿಲ್ಲ, ಇಳಿಯಿತು. ನಿದ್ದೆ ಬಂತು. ಎಲ್ಲ ಥರದ ನರನೋವನ್ನೂ ಸೇರಿಸಿ ನೋಡಿದರೆ, ಈ ಗುಂಪಿನ ಮಾತ್ರೆಯನ್ನು ಏಳೆಂಟು ಜನರಿಗೆ ಕೊಟ್ಟಾಗ ಒಬ್ಬರಿಗೆ ಈ ಔಷಧಿಯಿಂದಲೇ ಅರ್ಧದಷ್ಟು ನೋವು ಇಳಿಯುತ್ತದೆ. ಅಂಕಿ ಚಿಕ್ಕದು. ಆದರೂ ರಾತ್ರಿ ಎರಡು ಗಂಟೆಗೆ ಎದ್ದು ಕೂರುವ ಮನುಷ್ಯನಿಗೆ ಆರು ನಾಲ್ಕಾಗುವುದು ಸಣ್ಣ ವಿಷಯ ಅಲ್ಲ.

ಈ ಮಾತ್ರೆಯನ್ನು ಕಂಡ ಕಂಡ ನೋವಿಗೆಲ್ಲ ಬರೆಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಪ್ಪಿಗೆ ಇಲ್ಲದ ಕಾಯಿಲೆಗಳಿಗೆ ಗ್ಯಾಬಪೆಂಟಿನ್ ಮಾರಲು ಪ್ರಚಾರ ಮಾಡಿದ್ದಕ್ಕೆ ವಾರ್ನರ್-ಲ್ಯಾಂಬರ್ಟ್ ಕಂಪನಿ 2004ರಲ್ಲಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 43 ಕೋಟಿ ಡಾಲರ್ ಕಟ್ಟಬೇಕಾಯಿತು. ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವಿಗೆ ಪ್ರಿಗ್ಯಾಬಲಿನ್ ಕೊಟ್ಟು ನೋಡಿದ ಆಸ್ಟ್ರೇಲಿಯಾದ ಅಧ್ಯಯನ 2017ರಲ್ಲಿ ಬಂತು. 209 ಜನರಲ್ಲಿ ಬರೀ ಮಾತ್ರೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಸರ್ಪಸುತ್ತಿನ ನಂತರದ ನೋವಿಗಾದರೋ ಪುರಾವೆ ಗಟ್ಟಿಯಾಗಿದೆ. ನಿಮ್ಮ ಡಾಕ್ಟರು ಸರಿಯಾದ ಮಾತ್ರೆಯನ್ನೇ ಬರೆದಿದ್ದಾರೆ.

ಇದು ಸಾಲದಿದ್ದರೆ ಬೇರೆ ದಾರಿಗಳಿವೆ. ಅಮಿಟ್ರಿಪ್ಟಿಲಿನ್ ಹಳೆಯ ಮಾತ್ರೆ, ಅಗ್ಗ, ನರನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹೃದಯದ ತೊಂದರೆ ಇದ್ದವರಿಗೆ, ಮೂತ್ರ ಕಟ್ಟುವ ಗಂಡಸರಿಗೆ ಅದು ಆಗಿಬರುವುದಿಲ್ಲ. ಮರಗಟ್ಟಿಸುವ ಲಿಡೊಕೇನ್ ಪಟ್ಟಿಯನ್ನು ಚರ್ಮದ ಮೇಲೇ ಅಂಟಿಸಬಹುದು, ರಕ್ತಕ್ಕೆ ಹೋಗುವುದು ಬಹಳ ಕಡಿಮೆ. ವಯಸ್ಸಾದವರಿಗೆ ನನ್ನ ಒಲವು ಅದರ ಕಡೆಗೇ. ಮೆಣಸಿನಕಾಯಿಯ ಖಾರದಿಂದ ಮಾಡಿದ ಪಟ್ಟಿಯೂ ಇದೆ. ಉರಿಯ ತಂತಿಗಳನ್ನು ಖಾರದಿಂದ ಸುಸ್ತು ಮಾಡಿ ಸುಮ್ಮನಾಗಿಸುವ ಉಪಾಯ ಅದು. ಆ ಖಾರ ಹಿಡಿಯುವ ಪ್ರೋಟೀನನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಇದನ್ನು ಓದಿ ಯಾರೂ ಮನೆಯಲ್ಲಿ ಮೆಣಸಿನಪುಡಿ ಹಚ್ಚಬೇಡಿ. ಆ ಪಟ್ಟಿಯನ್ನು ಆಸ್ಪತ್ರೆಯಲ್ಲೇ, ಗಂಟೆ ನೋಡಿಕೊಂಡು ಹಾಕಿ ತೆಗೆಯುತ್ತಾರೆ.

ಅಂಗಿಗೆ ಒಂದು ಸುಲಭ ಉಪಾಯ ಹೇಳುತ್ತೇನೆ. ಸಡಿಲ ಅಂಗಿ ಹಿತ ಅಂದುಕೊಳ್ಳುತ್ತೇವೆ. ಆದರೆ ಈ ನೋವಿನಲ್ಲಿ ಒತ್ತುವುದಕ್ಕಿಂತ ಸವರುವುದು ಜಾಸ್ತಿ ಉರಿಸುತ್ತದೆ. ನಡೆದಾಗಲೆಲ್ಲ ಸಡಿಲ ಬಟ್ಟೆ ಸವರುತ್ತಲೇ ಇರುತ್ತದೆ. ತೊಳೆದು ತೊಳೆದು ಮೆತ್ತಗಾದ ಹಳೇ ಹತ್ತಿ ಬನಿಯನ್, ಮೈಗೆ ಅಂಟಿ ಕೂರುವಂಥದ್ದು, ಒಳಗೆ ಹಾಕಿಸಿ ಅದರ ಮೇಲೆ ಅಂಗಿ ತೊಡಿಸಿ ನೋಡಿ. ಹೊಲಿಗೆ ಹೊರಗೆ ಬರುವ ಹಾಗೆ ತಿರುವಿ ಹಾಕಿಕೊಂಡರೆ ಇನ್ನೂ ವಾಸಿ.

ನಿಮ್ಮ ತಾಯಿಗೆ 50 ದಾಟಿದ್ದರೆ ಸರ್ಪಸುತ್ತಿನ ಲಸಿಕೆ ಬಗ್ಗೆ ಈಗಲೇ ಕೇಳಿ. ಶಿಂಗ್ರಿಕ್ಸ್ ಎಂಬ ಲಸಿಕೆ 2023ರಿಂದ ಭಾರತದಲ್ಲಿ ಸಿಗುತ್ತಿದೆ. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ದುಬಾರಿ, ನಿಜ. ಆದರೆ ನಿಮ್ಮ ಮನೆಯಲ್ಲಿ ಈಗ ಏನು ನಡೆಯುತ್ತಿದೆಯೋ ಅದನ್ನು ತಡೆಯುವ ಶಕ್ತಿ ಇರುವುದು ಅದಕ್ಕೇ. ತಂದೆಯವರಿಗೂ ಮತ್ತೊಮ್ಮೆ ಸರ್ಪಸುತ್ತು ಬರದ ಹಾಗೆ ಹಾಕಿಸಬಹುದು, ಯಾವಾಗ ಎಂದು ಡಾಕ್ಟರು ಹೇಳುತ್ತಾರೆ. ಈಗಿನ ನೋವನ್ನು ಲಸಿಕೆ ಇಳಿಸುವುದಿಲ್ಲ.

ಕೊನೆಗೆ, ಡಾಕ್ಟರ ಹತ್ತಿರ ಮುಂದಿನ ಸಲ ಹೋಗುವಾಗ. ಗ್ಯಾಬಪೆಂಟಿನ್ ಅನ್ನು ಲಿವರ್ ಒಡೆಯುವುದಿಲ್ಲ, ಅದು ಇದ್ದ ಹಾಗೇ ಮೂತ್ರದಲ್ಲಿ ಹೋಗುತ್ತದೆ. ಹಾಗಾಗಿ ಕಿಡ್ನಿ ನಿಧಾನವಾಗಿದ್ದರೆ ಮೈಯಲ್ಲೇ ಉಳಿದು ಅಮಲು ಏರುತ್ತದೆ. ಈ ವಯಸ್ಸಿನಲ್ಲಿ ತೂಕಡಿಕೆಗೆ ಎಷ್ಟೋ ಸಲ ಅದೇ ಕಾರಣ. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ ವರದಿ ಒಯ್ಯಿರಿ. ಅವರು ನುಂಗುವ ಬೇರೆ ಮಾತ್ರೆಗಳೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಮುಖ್ಯವಾಗಿ ನಿದ್ದೆ ಮಾತ್ರೆ, ಟ್ರಮಡಾಲ್ ಎಂಬ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್. ಇವು ಗ್ಯಾಬಪೆಂಟಿನ್ ಜೊತೆ ಸೇರಿದರೆ ಉಸಿರಾಟ ಮಂದವಾಗಬಹುದು. ಸಂಜೆ ಒಂದು ಪೆಗ್ ಹಾಕುವ ಅಭ್ಯಾಸ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗುವುದು ಬೇಡ. ನೋವು ಇಳಿಯಿತು ಎಂದು ಒಮ್ಮೆಲೇ ನಿಲ್ಲಿಸುವುದೂ ಬೇಡ, ಡೋಸನ್ನು ಕಡಿಮೆ ಅಂದರೂ ಒಂದು ವಾರದಲ್ಲಿ ನಿಧಾನಕ್ಕೆ ಇಳಿಸುತ್ತ ಬಂದು ನಿಲ್ಲಿಸಬೇಕು. ಅಲ್ಲಿಯ ತನಕ ಬೈಕ್ ಕೀಲಿ ನಿಮ್ಮ ಹತ್ತಿರ ಇರಲಿ, ಬಚ್ಚಲ ದಾರಿಯಲ್ಲಿ ರಾತ್ರಿಯೆಲ್ಲ ಒಂದು ಚಿಕ್ಕ ದೀಪ ಉರಿಯುತ್ತಿರಲಿ.